ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಸೀಮೆಸುಣ್ಣದ ಗುಡ್ಡ ಹತ್ತಬಹುದಾ?

ಪ್ರಶ್ನೆ: ಡಿಸೆಂಬರ್ ಕೊನೆಗೆ ಮಗಳ ಮನೆಗೆ ಲಂಡನ್‌ಗೆ ಹೋಗುತ್ತಿದ್ದೇವೆ. ನನಗೂ ನಮ್ಮ ಯಜಮಾನರಿಗೂ ನಡೆಯುವುದೆಂದರೆ ಇಷ್ಟ. ಒಂದು ದಿನ ಹಳ್ಳಿ, ಗುಡ್ಡದ ಕಡೆ ಹೋಗಿ ಬರೋಣ ಎಂದರೆ ಮಗಳು "ಈಗ ಬರೀ ಕೆಸರು, ಬೇಗ ಕತ್ತಲಾಗುತ್ತೆ, ಬೇಡಮ್ಮ" ಅನ್ನುತ್ತಾಳೆ. ನಿಜವಾಗಿ ಅಷ್ಟು ಕಷ್ಟವಾ?

ಉತ್ತರ: ಮಗಳು ಹೇಳಿದ್ದು ಅರ್ಧ ಸರಿ. ಅಲ್ಲಿನ ಎಷ್ಟೋ ಹಳ್ಳಿದಾರಿಗಳಲ್ಲಿ ಡಿಸೆಂಬರ್ ಹೊತ್ತಿಗೆ ಕಾಲು ಹೂತುಹೋಗುವಷ್ಟು ಕೆಸರಿರುತ್ತದೆ. ಆದರೆ ಸೀಮೆಸುಣ್ಣದ ಗುಡ್ಡಗಳ ಮಾತೇ ಬೇರೆ. ಲಂಡನ್‌ನಿಂದ ದಕ್ಷಿಣಕ್ಕೆ ಹೋದರೆ ಸಮುದ್ರ ಸಿಗುವ ಮೊದಲು ಸೌತ್ ಡೌನ್ಸ್ ಎಂಬ ಗುಡ್ಡಸಾಲು ಬರುತ್ತದೆ. ಒಂದೇ ದಿನ ಬಿಡುವಿದ್ದರೆ ಅಲ್ಲಿಗೇ ಹೋಗಿ.

ಕಾರಣ ಆ ಕಲ್ಲಿನಲ್ಲೇ ಇದೆ. ಡೈನೋಸಾರ್‌ಗಳ ಕಾಲದಲ್ಲಿ ಅದು ಸಮುದ್ರದ ತಳವಾಗಿತ್ತು. ಕಣ್ಣಿಗೆ ಕಾಣದ ಪಾಚಿಗಳ ಸುಣ್ಣದ ಚಿಪ್ಪುಗಳು ಕೋಟ್ಯಂತರ ವರ್ಷ ಅಲ್ಲಿ ಪದರ ಪದರವಾಗಿ ಕೂತು ಈ ಮೆದು ಬಿಳಿ ಕಲ್ಲಾಗಿದೆ. ಅದರ ತುಂಬ ಸಣ್ಣ ಸಣ್ಣ ರಂಧ್ರ, ಬಿರುಕು. ಬಿದ್ದ ಮಳೆ ಮೇಲೆ ನಿಲ್ಲದೆ ಒಳಗಿಳಿಯುತ್ತದೆ. ಆಮೇಲೆ ಗುಡ್ಡದ ಬುಡದಲ್ಲಿ, ಜೇಡಿಮಣ್ಣು ಅಡ್ಡ ಬಂದ ಕಡೆ, ಒರತೆಯಾಗಿ ಹೊರಗೆ ಬರುತ್ತದೆ. ಹಳೆಯ ಊರುಗಳೆಲ್ಲ ಗುಡ್ಡದ ಬುಡದಲ್ಲಿ ಸಾಲಾಗಿ ಹುಟ್ಟಿಕೊಂಡಿದ್ದು ಆ ನೀರಿಗಾಗಿಯೇ. ಕೆಸರು ಜಾಸ್ತಿ ಇರುವುದೂ ಅಲ್ಲೇ. ಅದನ್ನು ದಾಟಿ ಮೇಲೆ ಹತ್ತಿದರೆ ಹೆಚ್ಚಿನ ಕಡೆ ಗಟ್ಟಿ ಹುಲ್ಲುನೆಲ ಸಿಗುತ್ತದೆ.

ಒಂದು ಎಚ್ಚರಿಕೆ. ಹುಲ್ಲು ಸವೆದು ಬಿಳಿ ಕಲ್ಲು ಕಾಣುವ ಕಡೆ, ನೆನೆದಿದ್ದರೆ, ಸೋಪಿನ ಹಾಗೆ ಜಾರುತ್ತದೆ. ಅದರಲ್ಲೂ ಇಳಿಯುವಾಗ. ದಾರಿಯ ಪಕ್ಕದ ಹುಲ್ಲಿನ ಮೇಲೇ ಕಾಲಿಡಿ. ಅಡಿಯಲ್ಲಿ ಚೆನ್ನಾಗಿ ಹಿಡಿತ ಇರುವ ಬೂಟು ಬೇಕು. ಜೀನ್ಸ್ ಬೇಡ, ಒಮ್ಮೆ ನೆನೆದರೆ ಮನೆಗೆ ಬರುವವರೆಗೂ ಒಣಗುವುದಿಲ್ಲ.

ಎಲ್ಲಿಗೆ ಹೋಗಬೇಕು ಅಂದರೆ, ಬಹಳ ಜನ ಸೆವೆನ್ ಸಿಸ್ಟರ್ಸ್ ಎಂಬ ಬಿಳಿ ಕಡಲ ಬಂಡೆಗಳ ಹೆಸರು ಹೇಳುತ್ತಾರೆ. ಚೆಂದದ ಜಾಗ, ನಿಜ. ಆದರೆ ಮಳೆ, ಹಿಮಗಡ್ಡೆಯಿಂದ ಸಡಿಲವಾಗಿ ಆ ಬಂಡೆಗಳು ಆಗಾಗ ಕುಸಿಯುತ್ತವೆ. ಹೋದರೆ ಅಂಚಿನ ಹತ್ತಿರ ಸುಳಿಯಬೇಡಿ, ಫೋಟೊಗಂತೂ ಬೇಡವೇ ಬೇಡ. ಗಾಳಿಯೂ ಜೋರು. ನಿಮಗೆ ನಾನು ಹೇಳುವುದು ಬೇರೆ ದಾರಿ: ಹ್ಯಾಸಕ್ಸ್ ಸ್ಟೇಷನ್‌ನಿಂದ ಹೊರಟು ಗುಡ್ಡ ದಾಟಿ, ಬ್ರೈಟನ್ ಎಂಬ ಕಡಲತೀರದ ಊರಿನ ಅಂಚಿನಲ್ಲಿರುವ ಪ್ಯಾಚಮ್‌ಗೆ. ಒಂಬತ್ತು-ಹತ್ತು ಕಿಲೋಮೀಟರ್. ದೊಡ್ಡ ಏರು ಒಂದೇ ಒಂದು.

ಲಂಡನ್‌ನಿಂದ ಹ್ಯಾಸಕ್ಸ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿಂದ ಕ್ಲೇಟನ್ ಎಂಬ ಪುಟ್ಟ ಊರಿನವರೆಗೆ ಕೆಸರಿನ ದಾರಿ, ಸಹಿಸಿಕೊಳ್ಳಿ. ಊರಿನ ಹತ್ತಿರ ರೈಲು ಸುರಂಗದ ಬಾಯಿಗೆ ಕೋಟೆಯ ಬುರುಜುಗಳನ್ನು ಕಟ್ಟಿ, ಅವುಗಳ ನಡುವೆ ಒಂದು ಮನೆ ಕೂರಿಸಿದ್ದಾರೆ. ಊರಿನ ಚರ್ಚ್ ಹೊರಗಿಂದ ತೀರ ಸಾದಾ. ಒಳಗೆ ಗೋಡೆ ತುಂಬ ಸುಮಾರು 900 ವರ್ಷ ಹಳೆಯ ಚಿತ್ರಗಳು, ಕೊನೆಯ ತೀರ್ಪಿನ ದಿನದ ದೃಶ್ಯ. ಶತಮಾನಗಳ ಕಾಲ ಸುಣ್ಣದ ಕೆಳಗೆ ಮುಚ್ಚಿಹೋಗಿದ್ದವು, 1890ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂದವು. ಬಾಗಿಲು ತೆರೆದಿದ್ದರೆ ತಪ್ಪಿಸಬೇಡಿ.

ಅಲ್ಲಿಂದ ಏರು ಶುರು. ಮೇಲೆ ಜ್ಯಾಕ್ ಮತ್ತು ಜಿಲ್ ಎಂಬ ಎರಡು ಗಾಳಿಗಿರಣಿಗಳಿವೆ. ಬಿಳಿ ಬಣ್ಣದ ಜಿಲ್ 1821ರಲ್ಲಿ ಬ್ರೈಟನ್‌ನಲ್ಲಿ ಕಟ್ಟಿದ್ದು. 1852ರಲ್ಲಿ ಎತ್ತುಗಳಿಂದ ಎಳೆಸಿ ಇಲ್ಲಿಗೆ ತಂದರು. ಚಳಿಗಾಲದಲ್ಲಿ ಹೊರಗಿನಿಂದ ನೋಡಬೇಕಷ್ಟೆ.

ಇಲ್ಲಿ ನಿಂತು ಸುತ್ತ ನೋಡಿ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಸೂರ್ಯ ಸುಮಾರು 16 ಡಿಗ್ರಿಗಿಂತ ಮೇಲೇರುವುದಿಲ್ಲ. ಆ ಓರೆ ಬಿಸಿಲಿಗೆ ನೆಲದ ಸಣ್ಣ ಏರುತಗ್ಗಿಗೂ ನೆರಳು ಬೀಳುತ್ತದೆ. ಬೇಸಿಗೆಯ ಎತ್ತರದ ಹುಲ್ಲಿನಲ್ಲಿ ಕಾಣದ ಪ್ರಾಚೀನ ಹೊಲಗಳ ಬದುಗಳು, ಸಮಾಧಿ ದಿಬ್ಬಗಳು ಈಗ ಎದ್ದು ಕಾಣುತ್ತವೆ. ಈ ಗುಡ್ಡಗಳನ್ನು ಚಳಿಗಾಲದಲ್ಲೇ ನೋಡಬೇಕು ಅನ್ನುವುದಕ್ಕೆ ನನ್ನ ದೊಡ್ಡ ಕಾರಣ ಇದು.

ಮುಂದೆ ದಕ್ಷಿಣಕ್ಕೆ ತಿರುಗಿ. ಛತ್ರಿ ಎಂದು ಬರೆದ ಕೈಮರ ಹಿಡಿದು ಹೋದರೆ, ಬಯಲಿನ ನಡುವೆ ಎಂಟು ಕಂಬದ ಬಿಳಿ ಅಮೃತಶಿಲೆಯ ಮಂಟಪ ಕಾಣುತ್ತದೆ. ಹೌದು, ನಮ್ಮ ಛತ್ರಿಯೇ. ಮಳೆಗೆ ಹಿಡಿಯುವ ಕೊಡೆ ಅಲ್ಲ, ಉತ್ತರ ಭಾರತದಲ್ಲಿ ತೀರಿಕೊಂಡವರ ನೆನಪಿಗೆ ಕಟ್ಟುವ ಗುಮ್ಮಟದ ಮಂಟಪ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ ಕಡೆ ಗಾಯಗೊಂಡ ಭಾರತೀಯ ಸೈನಿಕರಿಗೆ ಬ್ರೈಟನ್‌ನ ಅರಮನೆ, ರಾಯಲ್ ಪೆವಿಲಿಯನ್ ಅನ್ನೇ ಆಸ್ಪತ್ರೆ ಮಾಡಿದ್ದರು. 1914ರ ಡಿಸೆಂಬರ್‌ನಿಂದ ಗಾಯಾಳುಗಳು ಬರತೊಡಗಿದರು. ಬೇರೆ ಬೇರೆ ಪದ್ಧತಿಯವರಿಗೆ ಬೇರೆ ಬೇರೆ ಅಡುಗೆಮನೆಗಳಿದ್ದವು. ಊರಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರನ್ನು ಈ ಗುಡ್ಡಕ್ಕೆ ತಂದು ದಹನ ಮಾಡಿದರು. ಹಾಗೆ ಇಲ್ಲಿ ಬೂದಿಯಾದವರು 53 ಮಂದಿ. ಮುಸ್ಲಿಂ ಸೈನಿಕರನ್ನು ವೋಕಿಂಗ್ ಎಂಬಲ್ಲಿ, ಮಸೀದಿಯ ಹತ್ತಿರ ಮಣ್ಣು ಮಾಡಿದರು.

ಮಂಟಪದ ಮುಂದಿನ ಮೂರು ಕಲ್ಲುಚಪ್ಪಡಿಗಳ ಕೆಳಗೇ ಚಿತೆಯ ಕಟ್ಟೆಗಳಿವೆ. ವಿನ್ಯಾಸ ಮಾಡಿದ್ದು ಹೆನ್ರಿಕ್ಸ್ ಎಂಬ ಭಾರತೀಯ ವಾಸ್ತುಶಿಲ್ಪಿ. 1921ರ ಫೆಬ್ರುವರಿ 1ರಂದು ಅನಾವರಣವಾಯಿತು. 53 ಜನರ ಹೆಸರನ್ನು ಕೆತ್ತಿದ ಕಲ್ಲು ಪಕ್ಕದಲ್ಲಿ ಬಂದಿದ್ದು 2010ರಲ್ಲಿ. ಅಷ್ಟು ವರ್ಷ ಅವರಿಗೆ ಇಲ್ಲಿ ಹೆಸರಿರಲಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ. ಇಲ್ಲಿಗೆ ಕಾರು ಬರುವ ರಸ್ತೆ ಇಲ್ಲ, ನಡೆದೇ ಬರಬೇಕು. ಸ್ವಲ್ಪ ಹೊತ್ತು ಕೂತು ಹೆಸರುಗಳನ್ನು ಓದಿ.

ಹೊತ್ತಿನ ಲೆಕ್ಕ ಮಾತ್ರ ಬಿಗಿಯಾಗಿರಲಿ. ಸೂರ್ಯ ಹುಟ್ಟುವುದು ಎಂಟಕ್ಕೆ, ಮುಳುಗುವುದು ನಾಲ್ಕಕ್ಕೆ. ಹತ್ತು ಗಂಟೆಗೆ ಹ್ಯಾಸಕ್ಸ್‌ನಿಂದ ನಡೆಯಲು ಶುರುಮಾಡಿ. ಎರಡಕ್ಕೆ ಛತ್ರಿ ಬಿಟ್ಟರೆ ಬೆಳಕಿರುವಾಗಲೇ ಪ್ಯಾಚಮ್ ತಲುಪುತ್ತೀರಿ. ಅಲ್ಲಿ ಚಕಮಕಿ ಕಲ್ಲಿನ ಗೋಡೆಗಳ ಹಳೆಯ ಬೀದಿಯೂ 13ನೇ ಶತಮಾನದ ಚಿತ್ರವಿರುವ ಚರ್ಚೂ ಇವೆ. ಅಲ್ಲಿಂದ ಬ್ರೈಟನ್ ಸ್ಟೇಷನ್ ಕಡೆಗೆ ಸಿಟಿ ಬಸ್ ಸಿಗುತ್ತದೆ. ಗುಡ್ಡದ ಮೇಲೆ ಅಂಗಡಿ, ಹೋಟೆಲ್ ಏನೂ ಇಲ್ಲ. ಚಪಾತಿ, ಫ್ಲಾಸ್ಕಿನಲ್ಲಿ ಬಿಸಿ ಕಾಫಿ ತಗೊಂಡು ಹೋಗಿ. ಮೊಬೈಲ್ ಜೊತೆ ಕಾಗದದ ಮ್ಯಾಪ್, ಒಂದು ಟಾರ್ಚ್ ಕೂಡ ಇರಲಿ. ಕುರಿ ಮೇಯುವ ಹೊಲಗಳಲ್ಲಿ ಗೇಟು ದಾಟಿದ ಮೇಲೆ ಮರೆಯದೆ ಮುಚ್ಚಿ.

ದಿನ ಗೊತ್ತುಮಾಡುವಾಗ ಇದನ್ನೂ ನೋಡಿಕೊಳ್ಳಿ. ಡಿಸೆಂಬರ್ 25ರಂದು ಅಲ್ಲಿ ರೈಲು ಓಡುವುದಿಲ್ಲ. 26ಕ್ಕೂ ಬಹಳ ಕಡಿಮೆ. ಆ ವಾರ ಹಳಿ ರಿಪೇರಿ ಅಂತ ಕೆಲವು ಮಾರ್ಗಗಳನ್ನು ಮುಚ್ಚುತ್ತಾರೆ. ಹಿಂದಿನ ದಿನ ರೈಲಿನ ಸಮಯವನ್ನೂ ಹವಾಮಾನವನ್ನೂ ಮಗಳ ಕೈಲಿ ನೋಡಿಸಿ. ದಟ್ಟ ಮಂಜು ಅಥವಾ ಬಿರುಗಾಳಿ ಅಂತಿದ್ದರೆ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.