‘ಮೂರು ತಡ’ ಎಂದರೇನು?

ಯಾದಗಿರಿ ಕಡೆಯ ಹಳ್ಳಿಯಲ್ಲಿ ರಾತ್ರಿ ಹೊತ್ತು ಬ್ಯಾನಿ ಶುರುವಾದರೆ ಮನೆಯಲ್ಲಿ ಮೊದಲು ಬರುವ ಮಾತು, ‘ಮುಂಜಾನಿ ತನಕ ನೋಡೋಣ, ತಡೀರಿ’. ಹೆರಿಗೆ ನೋವಿಗೆ ಇಲ್ಲಿ ಬ್ಯಾನಿ ಅಂತಾರೆ, ಆಸ್ಪತ್ರೆಗೆ ದವಾಖಾನಿ. ಈ ಎರಡರ ನಡುವೆ ಕಳೆದುಹೋಗುವ ಹೊತ್ತಿಗೆ ಆರೋಗ್ಯ ಕ್ಷೇತ್ರದಲ್ಲಿ ಒಂದು ಹೆಸರಿದೆ: ಮೂರು ತಡ.

1994ರಲ್ಲಿ ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕರು ಇದನ್ನು ವಿವರಿಸಿ ಬರೆದರು. ಬಾಣಂತಿಯರು ಸಾಯುವುದು ಬರೀ ಕಾಯಿಲೆಯಿಂದಲ್ಲ, ತಡದಿಂದ ಎಂಬುದು ಅವರ ವಾದ. ದವಾಖಾನೆಗೆ ಹೋಗೋಣ ಅಂತ ನಿರ್ಧರಿಸುವುದರಲ್ಲಿ ಆಗುವುದು ಮೊದಲನೇ ತಡ. ದಾರಿಯಲ್ಲಿ ಆಗುವುದು ಎರಡನೆಯದು. ದವಾಖಾನೆ ಮುಟ್ಟಿದ ಮೇಲೂ ಸರಿಯಾದ ಚಿಕಿತ್ಸೆ ಸಿಗದೆ ಆಗುವುದು ಮೂರನೆಯದು.

ತಡ ಅಂದರೆ ಎಷ್ಟು ಹೊತ್ತು? ಹೆರಿಗೆಯ ನಂತರ ವಿಪರೀತ ರಕ್ತ ಹೋಗತೊಡಗಿದರೆ ಸುಮಾರು ಎರಡು ತಾಸಿನಲ್ಲಿ ಜೀವ ಹೋಗಬಹುದು ಎಂಬುದು ಮೇನ್ ಅವರ ಅಂದಾಜು. ಯಾದಗಿರಿಯಿಂದ ಕಲಬುರಗಿಗೆ ಮುಂದಕ್ಕೆ ಕಳಿಸಿದರೆ ದಾರಿಗೇ ಹತ್ತಿರ ಹತ್ತಿರ ಅಷ್ಟು ಹೊತ್ತು ಬೇಕು. ಲೆಕ್ಕ ನೀವೇ ಹಾಕಿ.

ಮೊದಲನೇ ತಡದ ಮಾತು ಬಂದ ಕೂಡಲೇ ‘ಹಳ್ಳಿ ಜನಕ್ಕೆ ತಿಳಿವಳಿಕೆ ಇಲ್ಲ’ ಅಂದುಬಿಡುತ್ತಾರೆ. ಇದು ಸುಲಭದ ಮಾತು, ಅಲ್ವಾ? ಆ ರಾತ್ರಿ ಮನೆಯಲ್ಲಿ ಏನೇನು ನಡೆದಿರುತ್ತದೆ ನೋಡಿ. ಗಂಡ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿದ್ದಾನೆ. ಹೂಂ ಅನ್ನಬೇಕಾದವರು ಮಾವ, ರೊಕ್ಕ ಹೊಂದಿಸಬೇಕಾದವರೂ ಅವರೇ. ಅತ್ತೆ ತಾನು ಹಡೆದದ್ದೆಲ್ಲ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ತೊಗರಿ ರಾಶಿಯ ಕಾಲವಾದರೆ ಒಬ್ಬರು ದವಾಖಾನೆಯಲ್ಲಿ ಕೂತರೆ ಒಂದು ದಿನದ ಕೂಲಿ ಹೋಯಿತು. ಇವೆಲ್ಲದರ ನಡುವೆ ನೋವು ತಿನ್ನುವವಳನ್ನು ಯಾರೂ ಕೇಳಿರುವುದಿಲ್ಲ. ಇಲ್ಲಿ ಇಲ್ಲದಿರುವುದು ತಿಳಿವಳಿಕೆಗಿಂತ ಹೆಚ್ಚಾಗಿ ಅವಳ ಮಾತಿಗೆ ಬೆಲೆ.

ಎರಡನೇ ತಡಕ್ಕೆ ಸುರಪುರ ಸೀಮೆಯ ಒಂದು ನಿಜ ಸಂಗತಿ ಸಾಕು. 2014ರ ಮಳೆಗಾಲದಲ್ಲಿ ಕೃಷ್ಣಾ ನದಿ ತುಂಬಿ ಹರಿಯುತ್ತಿತ್ತು. ನಡುಗಡ್ಡೆಯ ಊರಿನ ಒಂಬತ್ತು ತಿಂಗಳ ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಜೊತೆ ಈಜಿ ದಡ ಸೇರಿದರು. ದವಾಖಾನೆಯಲ್ಲೇ ಹೆರಿಗೆ ಆಗಬೇಕು ಎಂಬ ಆಸೆಯಿಂದ! ಇವರಿಗೆ ತಿಳಿವಳಿಕೆ ಇರಲಿಲ್ಲ ಅಂತ ಯಾರಾದರೂ ಹೇಳಲಿ ನೋಡೋಣ. ದಾರಿ ಸುಲಭವಾಗಲಿ ಅಂತಲೇ ನಮ್ಮ ರಾಜ್ಯದಲ್ಲಿ 2008ರಲ್ಲಿ 108 ಗಾಡಿ ಬಂತು. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ದವಾಖಾನೆಯ ಹೆರಿಗೆ, ಆಪರೇಷನ್, ರಕ್ತ, ಮನೆಗೆ ವಾಪಸ್ ಬಿಡುವ ಗಾಡಿ ಎಲ್ಲವೂ ಪುಕ್ಕಟೆ. ಇದರಿಂದ ಅನುಕೂಲ ಆಗಿದೆ, ಸುಳ್ಳಲ್ಲ.

ಮೂರನೇ ತಡದ ಬಗ್ಗೆ ಮಾತ್ರ ಮಾತು ಕಡಿಮೆ. ಡಾಕ್ಟರ್ ಇಲ್ಲ, ರಕ್ತ ಇಲ್ಲ, ಅರಿವಳಿಕೆ ಕೊಡುವವರಿಲ್ಲ, ‘ಮುಂದಕ್ಕೆ ಹೋಗಿ’ ಎಂಬ ಚೀಟಿ. ಈ ಮೂರೂ ತಡಗಳನ್ನು ಒಂದು, ಎರಡು, ಮೂರು ಅಂತ ಮೆಟ್ಟಿಲಿನ ಹಾಗೆ ಓದಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಮೂರನೆಯದು ಸುತ್ತಿ ಬಂದು ಮೊದಲನೆಯದಕ್ಕೆ ಸೇರುತ್ತದೆ. ಅಲ್ಲಿ ಹೇಗೆ ನೋಡಿಕೊಳ್ಳುತ್ತಾರೆ ಎಂಬ ಸುದ್ದಿ ಊರಲ್ಲಿ ಹಬ್ಬಿದರೆ, ಮುಂದಿನ ಮನೆಯವರು ಹೊರಡುವ ಮೊದಲೇ ಹಿಂದೆಮುಂದೆ ನೋಡುತ್ತಾರೆ. ಆ ಇಬ್ಬರು ಸಂಶೋಧಕರೂ ಇದನ್ನು ಗುರುತಿಸಿದ್ದರು.

ನಾನು ಇದನ್ನು ನಮ್ಮ ವೈನಿಯಿಂದ, ಅಂದರೆ ಅಣ್ಣನ ಹೆಂಡತಿಯಿಂದ, ಕಲಿತೆ. ಚೊಚ್ಚಲ ಹೆರಿಗೆಗೆ ಹೋದಾಗ ಒಂದು ದವಾಖಾನೆಯಲ್ಲಿ ನೋವಿಗೆ ಕೂಗಿದ್ದಕ್ಕೆ ಬೈಸಿಕೊಂಡರು. ನಡುರಾತ್ರಿ ತನಕ ಬೆಂಚಿನ ಮೇಲೆ ಕೂತರು, ಆಮೇಲೆ ಕಲಬುರಗಿಗೆ ಕಳಿಸಿದರು. ಎರಡನೇ ಸಲ ಬ್ಯಾನಿ ಬಂದಾಗ ಅಣ್ಣ ಆಗಲೇ 108ಕ್ಕೆ ಫೋನ್ ಮಾಡಿದ್ದ. ‘ಮುಂಜಾನಿ ತನಕ ನೋಡೋಣ’ ಅಂದದ್ದು ಅತ್ತೆಯಲ್ಲ, ವೈನಿಯೇ. ಕೊನೆಗೆ ಓಣಿಯ ಆಶಾ ಕಾರ್ಯಕರ್ತೆ ಅಕ್ಕ ಬಂದರು. ‘ನಾನೂ ಗಾಡ್ಯಾಗ ಬರ್ತೀನಿ. ನೀ ಹಡೆಯೋ ತನಕ ಬಿಟ್ಟು ಹೋಗಂಗಿಲ್ಲ’ ಅಂದರು. ಆಗ ವೈನಿ ಎದ್ದು ಸೆರಗು ಸರಿ ಮಾಡಿಕೊಂಡರು.