ತೊಟ್ಟಿಯ ಲೆಕ್ಕ, ಕೆರೆಯ ಲೆಕ್ಕ

ಕೆರೆಯ ನೀರು ದಿನಕ್ಕೆ ಎಷ್ಟು ಆವಿಯಾಗುತ್ತದೆಂದು ಅಳೆಯಲು ಒಂದು ತಗಡಿನ ತೊಟ್ಟಿ ಸಾಕು, ಅದನ್ನು ಪೂರ್ತಿ ನಂಬದಿದ್ದರೆ. ಹವಾಮಾನ ಕೇಂದ್ರಗಳಲ್ಲಿ ಹೆಚ್ಚಾಗಿ ಬಳಸುವ 'ಕ್ಲಾಸ್ ಎ ಪ್ಯಾನ್' 120.7 ಸೆಂ.ಮೀ. ವ್ಯಾಸದ, ಸುಮಾರು 25 ಸೆಂ.ಮೀ. ಆಳದ ದುಂಡನೆಯ ತೊಟ್ಟಿ. ನೆಲದಿಂದ 15 ಸೆಂ.ಮೀ. ಮೇಲೆ, ಅಡಿಯಲ್ಲಿ ಗಾಳಿಯಾಡುವಂಥ ಮರದ ಚೌಕಟ್ಟಿನ ಮೇಲೆ ಸಮಮಟ್ಟವಾಗಿ ಕೂರಿಸಬೇಕು. ನೀರು ಅಂಚಿಗಿಂತ 5 ಸೆಂ.ಮೀ. ಕೆಳಗಿರಲಿ, 7.5 ಸೆಂ.ಮೀ.ಗಿಂತ ಇಳಿಯುವ ಮುನ್ನ ತುಂಬಿಸಿ. ಮಟ್ಟ ತೀರಾ ಇಳಿದರೆ ಅಂಚು ಗಾಳಿಗೆ ಅಡ್ಡವಾಗಿ ಲೆಕ್ಕ ಶೇ. 15ರವರೆಗೂ ತಪ್ಪಬಹುದು.

ಅಲೆ ತಾಗದಂತೆ ತೊಟ್ಟಿಯೊಳಗೆ ನಿಲ್ಲಿಸಿದ ಸಣ್ಣ ಕೊಳವೆಯಲ್ಲಿ ಕೊಕ್ಕೆ ಮಾಪಕದಿಂದ (ಕೊಕ್ಕೆಯ ತುದಿಯನ್ನು ನೀರಿನ ಮೈಗೆ ತಾಗಿಸಿ ಮಟ್ಟ ಓದುವ ಸಾಧನ) ದಿನವೂ ಅದೇ ಹೊತ್ತಿಗೆ ಮಟ್ಟ ನೋಡಬೇಕು. ಪಕ್ಕದಲ್ಲಿ ಮಳೆಮಾಪಕ ಇಲ್ಲದಿದ್ದರೆ ಮಳೆಗಾಲದ ಲೆಕ್ಕವೇ ಇಲ್ಲ. ಉದಾಹರಣೆಗೆ 12.4 ಮಿ.ಮೀ. ಮಳೆ ಬಿದ್ದು ನೀರು 7.1 ಮಿ.ಮೀ. ಮಾತ್ರ ಏರಿದ್ದರೆ, ಆವಿಯಾದದ್ದು 5.3 ಮಿ.ಮೀ. ಜಡಿಮಳೆಯಲ್ಲಿ ಹನಿ ಸಿಡಿದು ಹೊರಬೀಳುವುದರಿಂದ ಆ ದಿನದ ಅಂಕಿಯನ್ನು ಕೈಬಿಡುವುದೇ ಲೇಸು. ಹಕ್ಕಿಗಳು ನೀರು ಕುಡಿಯುತ್ತವೆಂದು ಜಾಲರಿ ಹೊದಿಸಿದರೆ ಆವಿಯಾಗುವುದೇ ಶೇ. 10ರವರೆಗೆ ತಗ್ಗುತ್ತದೆ! ಸೋರಿಕೆ ಇನ್ನೂ ಮೋಸದ್ದು, ಅದೂ ಆವಿಯಂತೆಯೇ ಕಾಣುತ್ತದೆ. ಮೋಡ ಕವಿದ, ಗಾಳಿಯಿಲ್ಲದ ತೇವದ ರಾತ್ರಿಯಲ್ಲೂ ಮಟ್ಟ ಇಳಿಯುತ್ತಿದ್ದರೆ ಬೆಸುಗೆಯನ್ನು ಪರೀಕ್ಷಿಸಿ.

ತೊಟ್ಟಿಯ ಗೋಡೆ ಬಿಸಿಲಿಗೆ ಕಾಯುವುದರಿಂದ ಅದು ಕೆರೆಗಿಂತ ಹೆಚ್ಚು ನೀರು ಕಳೆದುಕೊಳ್ಳುತ್ತದೆ. ಅದಕ್ಕೇ ಅಂಕಿಯನ್ನು ಸುಮಾರು 0.7ರಿಂದ ಗುಣಿಸುವುದು ರೂಢಿ: 5.3 ಮಿ.ಮೀ. ಎಂಬುದು 3.7 ಆಗುತ್ತದೆ, ಅಂದರೆ ಒಂದು ಹೆಕ್ಟೇರ್ ನೀರಿನಿಂದ ದಿನಕ್ಕೆ 37,000 ಲೀಟರ್. ಆದರೆ 0.7 ವರ್ಷದ ಸರಾಸರಿ. ಆಳವಾದ ಜಲಾಶಯ ಬೇಸಿಗೆಯ ಶಾಖವನ್ನು ಒಳಗೆ ಕೂಡಿಟ್ಟುಕೊಂಡು ತಿಂಗಳುಗಳ ನಂತರ ಬಿಟ್ಟುಕೊಡುತ್ತದೆ. ಹಾಗಾಗಿ ತಿಂಗಳ ಲೆಕ್ಕಕ್ಕೆ ಇದೇ ಗುಣಕ ಹಾಕುವುದು ಒಪ್ಪತಕ್ಕದ್ದಲ್ಲ.

ನೆಲದ ವಿಷಯಕ್ಕೆ ಬಂದರೆ ತೊಟ್ಟಿ ದಾರಿಯನ್ನೇ ತಪ್ಪಿಸಬಹುದು. ಬರದಲ್ಲಿ ಮಣ್ಣು ಒಣಗಿ ಆವಿ ನಿಂತಂತಾದಾಗ ಸುತ್ತಲ ಗಾಳಿ ಇನ್ನಷ್ಟು ಬಿಸಿಯಾಗಿ ಒಣಗುತ್ತದೆ, ತೊಟ್ಟಿಯ ನೀರು ಮಾತ್ರ ಮೊದಲಿಗಿಂತ ಬೇಗ ಇಳಿಯುತ್ತದೆ. ಅದು ಅಳೆಯುತ್ತಿರುವುದು ಗಾಳಿಯ ದಾಹವನ್ನು. ನೆಲ ನಿಜವಾಗಿ ಕಳೆದುಕೊಂಡದ್ದು ಬೇಕಿದ್ದರೆ ಮಣ್ಣು, ಬೆಳೆ ಸಮೇತ ತೂಗುವ ಲೈಸಿಮೀಟರ್ ಬೇಕು. ಚದರ ಮೀಟರಿಗೆ ಒಂದು ಕಿಲೋ ತೂಕ ಇಳಿದರೆ 1 ಮಿ.ಮೀ. ನೀರು ಹೋದಂತೆ. ಒಳಗಿನ ಬೆಳೆ ಹೊರಗಿನದಕ್ಕಿಂತ ಎತ್ತರವಾಗಿದ್ದರೆ ಬಿಸಿಲು, ಗಾಳಿ ಎರಡನ್ನೂ ಹೆಚ್ಚು ಪಡೆದು ಅಂಕಿ ಉಬ್ಬುತ್ತದೆ.

ಉಪಕರಣವಿಲ್ಲದೆಡೆ ಪೆನ್‌ಮನ್–ಮಾಂಟೀತ್ ಸೂತ್ರವಿದೆ. ತಾಪ, ತೇವಾಂಶ, ಬಿಸಿಲು, ಗಾಳಿವೇಗ ಕೊಟ್ಟರೆ 12 ಸೆಂ.ಮೀ. ಎತ್ತರದ, ನೀರಿನ ಕೊರತೆಯಿಲ್ಲದ ಹುಲ್ಲಿನಿಂದ ಎಷ್ಟು ಹೋಗುತ್ತದೆಂದು ಹೇಳುತ್ತದೆ; ಬೇರೆ ಬೆಳೆಯ ಲೆಕ್ಕ ಬೇಕಿದ್ದರೆ ಆ ಅಂಕಿಯನ್ನು ಬೆಳೆಗೆ ತಕ್ಕ ಗುಣಕದಿಂದ ಗುಣಿಸಬೇಕು. ಇಲ್ಲಿ ಸಾಮಾನ್ಯವಾಗಿ ಎಡವುವುದು ಗಾಳಿಯಲ್ಲಿ. ಸೂತ್ರಕ್ಕೆ ಬೇಕಾದದ್ದು 2 ಮೀಟರ್ ಎತ್ತರದ ವೇಗ. 10 ಮೀಟರ್ ಕಂಬದ ಅಂಕಿ ಸಿಕ್ಕಿದ್ದರೆ 0.75ರಿಂದ ಗುಣಿಸಿಯೇ ಹಾಕಬೇಕು.