ಎಡಿಎಚ್‌ಡಿ: ಮದ್ದಿನ ಚೀಟಿಯಿಂದ ತರಗತಿಯ ಬೆಂಚಿನವರೆಗೆ

ಶಾಲೆಯ ಪಿಟಿಎ ಸಭೆಗಳಲ್ಲಿ ಈಗ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಎಂಬ ಮಾತು ಧಾರಾಳವಾಗಿ ಕೇಳಿಸುತ್ತದೆ. ಕೂತಲ್ಲಿ ಕೂರದ, ಹೇಳಿದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಓಡುವ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುವ ಮಗುವನ್ನು ಕಾಸರಗೋಡಿನ ಕಡೆ ಹಿಂದೆ ‘ಭಾರೀ ಲೂಟಿ’ (ಬಲು ತುಂಟ) ಎಂದು ಹೇಳಿ ಸುಮ್ಮನಾಗುತ್ತಿದ್ದರು, ಇಲ್ಲವೇ ಬೆತ್ತ ತೆಗೆಯುತ್ತಿದ್ದರು. ಈಗ ಒಬ್ಬರು ಮದ್ದು ಕೊಡಿಸಿ ಎನ್ನುತ್ತಾರೆ. ಇನ್ನೊಬ್ಬರು ಮೊಬೈಲ್ ಕಸಿದುಕೊಳ್ಳಿ ಎನ್ನುತ್ತಾರೆ. ಮತ್ತೊಬ್ಬರು ಗೇರುತೋಟಗಳಿಗೆ ಸಿಂಪಡಿಸಿದ್ದ ಕೀಟನಾಶಕ ಎಂಡೋಸಲ್ಫಾನ್ ಕಾರಣವೆಂದು ನಿಟ್ಟುಸಿರು ಬಿಡುತ್ತಾರೆ. ಯಾರ ಮಾತು ಕೇಳಬೇಕೆಂದು ಹೆತ್ತವರಿಗೆ ತೋಚುವುದಿಲ್ಲ.

ಈ ಎಳೆದಾಟಕ್ಕೆ ನೂರು ವರ್ಷ ಮೀರಿದ ಚರಿತ್ರೆಯಿದೆ. 1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳಲ್ಲಿ ನೈತಿಕ ನಿಯಂತ್ರಣದ ದೋಷವಿದೆ ಎಂದರು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಉತ್ತೇಜಕ ಔಷಧ ಕೊಟ್ಟಾಗ ಕೆಲವು ಮಕ್ಕಳು ಪಾಠದಲ್ಲಿ ಮನಸ್ಸಿಟ್ಟಿದ್ದನ್ನು ಕಂಡರು. ಮುಂದೆ ಮಿದುಳಿಗೆ ಸಣ್ಣ ಪೆಟ್ಟಾಗಿದೆ ಎಂಬ ವಾದ ಬಂದು ಹೋಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಗಮನದ ಕೊರತೆಯನ್ನು ಮುಂದಕ್ಕೆ ತಂದಿತು, 1987ರಲ್ಲಿ ಇಂದಿನ ಹೆಸರು ಬಂತು. ತಪ್ಪು ಮಗುವಿನದೋ, ಮಿದುಳಿನದೋ, ಮನೆಯದೋ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಪ್ರಶ್ನೆಯನ್ನೇ ಬದಲಿಸಿದವರು ರೋಚೆಸ್ಟರ್ ವಿಶ್ವವಿದ್ಯಾಲಯದ ಜಾರ್ಜ್ ಎಂಗೆಲ್. 1977ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ಬರೆದದ್ದು ಎಡಿಎಚ್‌ಡಿ ಬಗ್ಗೆ ಅಲ್ಲ, ಇಡೀ ವೈದ್ಯಶಾಸ್ತ್ರದ ಬಗ್ಗೆ. ದೇಹ, ಮನಸ್ಸು, ಸಮಾಜ ಮೂರನ್ನೂ ಒಟ್ಟಿಗೆ ನೋಡದೆ ರೋಗಿ ಅರ್ಥವಾಗುವುದಿಲ್ಲ ಎಂಬುದು ಅವರ ವಾದ. ಇದೇ ಜೈವಿಕ-ಮಾನಸಿಕ-ಸಾಮಾಜಿಕ ಮಾದರಿ. ಎಡಿಎಚ್‌ಡಿಯಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಅವಳಿ ಮಕ್ಕಳ ಅಧ್ಯಯನಗಳು ಅದನ್ನು ಶೇ. 70ರಿಂದ 80ರಷ್ಟು ಎನ್ನುತ್ತವೆ. ಅವಧಿಗೆ ಮೊದಲೇ ಹುಟ್ಟುವುದು, ಹುಟ್ಟುವಾಗಿನ ಕಡಿಮೆ ತೂಕ ಇವೂ ಸೇರುತ್ತವೆ. ಆದರೆ ಮಗು ದಿನವೂ ಬೈಗುಳ ತಿಂದು ‘ನಾನು ದಡ್ಡ’ ಎಂದು ನಂಬಿದರೆ ಅದು ಮನಸ್ಸಿನ ಪಾಲು. ಕಿಕ್ಕಿರಿದ ತರಗತಿ, ನಿದ್ದೆಗೆಟ್ಟ ಮನೆ ಸಮಾಜದ ಪಾಲು.

1999ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು 579 ಮಕ್ಕಳಿಗೆ ಗುಂಪುಗುಂಪಾಗಿ ಬೇರೆ ಬೇರೆ ಚಿಕಿತ್ಸೆ ಕೊಟ್ಟು 14 ತಿಂಗಳು ನೋಡಿತು. ಮುಖ್ಯ ಲಕ್ಷಣಗಳು ತಗ್ಗಿದ್ದು ಮದ್ದಿನಿಂದ. ಆದರೆ ವರ್ತನಾ ತರಬೇತಿಯನ್ನೂ ಜೊತೆಗೆ ಕೊಟ್ಟವರಿಗೆ ಕಡಿಮೆ ಪ್ರಮಾಣದ ಮದ್ದು ಸಾಕಾಯಿತು. ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ವ್ಯತ್ಯಾಸ ಕರಗಿತ್ತು. ಮದ್ದು ಬೇಡವೆನ್ನಲು ಇದು ಆಧಾರವಲ್ಲ, ಮದ್ದೊಂದೇ ಸಾಕೆನ್ನಲೂ ಅಲ್ಲ.

ಇನ್ನು ನಮ್ಮ ಊರಿನ ವಿಷಯ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, 1984ರಲ್ಲಿ ಜಿಲ್ಲೆಯಾಯಿತು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ ಅಥವಾ ಮರಾಠಿ, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳ. ಎಡಿಎಚ್‌ಡಿ ಇದೆ ಎನ್ನಬೇಕಾದರೆ ಲಕ್ಷಣಗಳು ಕನಿಷ್ಠ ಎರಡು ಕಡೆ, ಅಂದರೆ ಮನೆಯಲ್ಲೂ ಶಾಲೆಯಲ್ಲೂ, ಕಾಣಬೇಕು. ಹಾಗಾಗಿ ತಾಯಿಯನ್ನೂ ಕೇಳಬೇಕು, ಟೀಚರನ್ನೂ ಕೇಳಬೇಕು. ಪ್ರಶ್ನಾವಳಿ ಸಾಮಾನ್ಯವಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ತುಳುವಿನಲ್ಲಿ ಮಗನನ್ನು ನಿಮಿಷಕ್ಕೊಮ್ಮೆ ಕರೆಯುವ ತಾಯಿ, ‘ಆಗಾಗ’ ಮತ್ತು ‘ತುಂಬಾ ಸಲ’ ಎಂಬ ಎರಡು ಚೌಕಗಳ ನಡುವೆ ಪೆನ್ನು ಹಿಡಿದು ಕೂರುತ್ತಾಳೆ. ಮಗುವಿನ ಮಾತು ಪರೀಕ್ಷಕರಿಗೆ ತಲುಪದಿದ್ದರೆ, ಅರ್ಥವಾಗದ ಪಾಠಕ್ಕೆ ಕಿಟಕಿಯಾಚೆ ನೋಡಿದ್ದೂ ಗಮನದ ಕೊರತೆಯಾಗಿ ದಾಖಲಾಗಬಹುದು. ಕನ್ನಡ ಮಾಧ್ಯಮಕ್ಕೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದ್ದರ ವಿರುದ್ಧ ಇಲ್ಲಿ ನಡೆದ ಹೋರಾಟಗಳನ್ನು ಭಾಷಾಭಿಮಾನ ಎಂದಷ್ಟೇ ನೋಡುವುದು ಸರಿಯಲ್ಲ. ಅದು ಮಗುವಿನ ಆರೋಗ್ಯದ ವಿಷಯವೂ ಹೌದು.

ವಯಸ್ಸಿನ ಸಂಗತಿ ಇನ್ನೂ ಸರಳ. ಐದು ತುಂಬಿದ ಮಕ್ಕಳನ್ನು ಜೂನ್‌ನಲ್ಲಿ ಒಂದನೆಯ ತರಗತಿಗೆ ಸೇರಿಸುವುದು ಕೇರಳದ ಹಳೆಯ ರೂಢಿ. ಮೇ ತಿಂಗಳಲ್ಲಿ ಹುಟ್ಟಿದ ಮಗು, ಹಿಂದಿನ ಜೂನ್‌ನಲ್ಲಿ ಹುಟ್ಟಿದ ಮಗುವಿನ ಪಕ್ಕದಲ್ಲೇ ಕೂರುತ್ತದೆ. ಆ ಪ್ರಾಯದಲ್ಲಿ ಹನ್ನೊಂದು ತಿಂಗಳು ಸಣ್ಣದಲ್ಲ. ತರಗತಿಯಲ್ಲಿ ಅತಿ ಕಿರಿಯ ಮಕ್ಕಳಿಗೆ ಎಡಿಎಚ್‌ಡಿ ಹಣೆಪಟ್ಟಿ ಹೆಚ್ಚಾಗಿ ಬೀಳುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಇತ್ತ ಕೂತಲ್ಲೇ ಕನಸು ಕಾಣುವ, ಯಾರಿಗೂ ತೊಂದರೆ ಕೊಡದ ಹೆಣ್ಣುಮಕ್ಕಳು ಕಣ್ಣಿಗೇ ಬೀಳುವುದಿಲ್ಲ.

ಎಂಡೋಸಲ್ಫಾನ್ ಶಂಕೆಯನ್ನು ತಳ್ಳಿಹಾಕುವಂತಿಲ್ಲ. ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ವಿಷ ಸಿಂಪಡಿಸಿದ ಜಿಲ್ಲೆ ಇದು. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಆದರೆ ಇಂದು ತರಗತಿಯಲ್ಲಿರುವ ಒಂದು ಮಗುವಿನ ಚಡಪಡಿಕೆ ಅದರಿಂದಲೇ ಬಂತೇ ಎಂದು ತೀರ್ಮಾನಿಸುವುದು ಬಹಳ ಕಷ್ಟ, ಆ ತೀರ್ಮಾನಕ್ಕಾಗಿ ನೆರವು ಕಾಯಬೇಕಾಗಿಲ್ಲ.

ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆ ಆದದ್ದು 2013ರಲ್ಲಿ. ಇಂದಿಗೂ ತಜ್ಞರೆಂದರೆ ಇಲ್ಲಿನ ಜನ ಮಂಗಳೂರಿನ ಬಸ್ ಹತ್ತುತ್ತಾರೆ. 2020ರಲ್ಲಿ ಕೋವಿಡ್ ಕಾಲದಲ್ಲಿ ಮಂಗಳೂರಿನ ದಾರಿಯ ತಲಪಾಡಿ ಗಡಿ ಮುಚ್ಚಿದಾಗ ಆ ಅವಲಂಬನೆ ಎಷ್ಟು ಆಳವೆಂಬುದು ಎಲ್ಲರಿಗೂ ತಿಳಿಯಿತು. ಎಡಿಎಚ್‌ಡಿಗೆ ಕೊಡುವ ಉತ್ತೇಜಕ ಔಷಧ ಮಿಥೈಲ್‌ಫೆನಿಡೇಟ್ ಕಾನೂನಿನ ಬಿಗಿ ನಿಯಂತ್ರಣದಲ್ಲಿರುವ ಮದ್ದು, ಪೇಟೆಯ ಎಲ್ಲ ಮೆಡಿಕಲ್‌ಗಳಲ್ಲಿ ಸಿಗುವಂಥದ್ದಲ್ಲ. ಹೀಗೆ ವೈದ್ಯರು ಗಡಿಯಾಚೆ, ಶಾಲೆ ಗಡಿಯೀಚೆ. ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ಸಂಪನ್ಮೂಲ ಶಿಕ್ಷಕಿ ಹಲವು ಶಾಲೆಗಳ ನಡುವೆ ಓಡಾಡುತ್ತಾರೆ. ಮೂವರೂ ಒಂದೇ ಮಗುವಿನ ಬಗ್ಗೆ ಒಮ್ಮೆ ಕೂತು ಮಾತನಾಡಿದ್ದು ಅಪರೂಪ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯಿದೆ, ಆಟಿಸಂ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಪ್ರಮಾಣಪತ್ರಕ್ಕೆ ಅಲೆದು ಬೇಸತ್ತ ಹೆತ್ತವರಿಗೆ ಇದನ್ನು ಮೊದಲೇ ಹೇಳುವವರಿಲ್ಲ. ಆದರೆ ಮಗುವನ್ನು ಬಾಗಿಲ ಬಳಿಯಿಂದ ಟೀಚರ ಹತ್ತಿರದ ಬೆಂಚಿಗೆ ಕೂರಿಸಲು, ನಾಲ್ಕು ಸೂಚನೆಗಳ ಬದಲು ಒಂದೊಂದೇ ಹೇಳಲು, ಹತ್ತು ಲೆಕ್ಕವನ್ನು ಐದೈದಾಗಿ ಒಡೆದು ನಡುವೆ ಹಾಜರಿ ಪುಸ್ತಕ ತರಲು ಕಳುಹಿಸಲು ಯಾವ ಪ್ರಮಾಣಪತ್ರವೂ ಬೇಡ. ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಆಗಲೇ ನಿಷೇಧಿಸಿದೆ.